ಹತ್ತಿ ಇಳಿದ ದಾರಿ

ಏಪ್ರಿಲ್ ಹತ್ತನೆಯ ತಾರೀಖು ನಮ್ಮಂಥ ಶಾಲಾ ಶಿಕ್ಷಕರ ಪಾಲಿಗೆ ವರ್ಷದ ಕೊನೆಯ ದಿನ. ಊರಿಗೆಲ್ಲ ಡಿಸೆಂಬರ್ 31 ಹೇಗೋ ನಮಗೆ ಇದು ಹಾಗೆ. ಫಲಿತಾಂಶ ಹೇಳುವುದು, ಪ್ರಗತಿಪತ್ರ ಹಂಚುವುದು, ಹಾಜರಿ ಪುಸ್ತಕಕ್ಕೆ ಕೆಂಪು ಗೆರೆ ಎಳೆಯುವುದು, ಬಿಸಿಯೂಟದ ಅಕ್ಕಿ ಬೇಳೆಯ ಉಳಿಕೆ ತೂಗಿ ಬರೆಯುವುದು, ಗ್ರಂಥಾಲಯದ ಪುಸ್ತಕ ಮರಳಿಸದವರ ಬೆನ್ನು ಹತ್ತುವುದು ಎಲ್ಲವೂ ಒಂದೇ ದಿನಕ್ಕೆ ಬಂದು ಕೂರುತ್ತವೆ. ನಾನು ಹೇಳಹೊರಟ ವರ್ಷ ಮುಖ್ಯಾಧ್ಯಾಪಕರು ರಜೆಯಲ್ಲಿದ್ದರು, ಪ್ರಭಾರ ನನ್ನ ತಲೆಗೆ ಬಂದಿತ್ತು. ಸಾಲದ್ದಕ್ಕೆ ಎಸ್.ಎಸ್.ಎಲ್.ಸಿ. ಸಮಾಜ ವಿಜ್ಞಾನದ ಉತ್ತರಪತ್ರಿಕೆ ತಿದ್ದಲು ಮರುದಿನ ಬೆಳಿಗ್ಗೆ ಧಾರವಾಡದಲ್ಲಿ ಹಾಜರಿರಬೇಕೆಂಬ ಆದೇಶವೂ ಕೈಯಲ್ಲಿತ್ತು. ಅಂದರೆ ಇಡೀ ದಿನ ಕುಮಟೆಯಲ್ಲಿ ದುಡಿದು, ರಾತ್ರಿ ಘಟ್ಟ ಹತ್ತಿ, ಬೆಳಗಾಗುವಾಗ ಹುಬ್ಬಳ್ಳಿಯಲ್ಲಿ ಇಳಿಯಬೇಕು.

ಬೆಳಿಗ್ಗೆ ಎಂಟಕ್ಕೇ ಶಾಲೆಯ ಬಾಗಿಲು ತೆಗೆದೆ. ಮಧ್ಯಾಹ್ನದ ಊಟದ ಡಬ್ಬಿ ತೆರೆದಾಗ ಎರಡೂವರೆ ದಾಟಿತ್ತು. ಸಂಜೆ ನಾಲ್ಕರ ಸುಮಾರಿಗೆ, ಇನ್ನೇನು ಬೀರುವಿಗೆ ಬೀಗ ಹಾಕಬೇಕು ಎನ್ನುವಾಗ, ಒಂಬತ್ತನೆಯ ತರಗತಿಯ ಒಬ್ಬ ಹುಡುಗ ತನ್ನ ಅಪ್ಪನನ್ನು ಕರೆದುಕೊಂಡು ಬಂದ. ಅಪ್ಪ ಲಾರಿ ಓಡಿಸುವವರು. ಹೋಗುವಾಗ ಕರಾವಳಿಯ ತೆಂಗಿನಕಾಯಿ, ಬರುವಾಗ ಹುಬ್ಬಳ್ಳಿಯ ಬೇಳೆ, ಬ್ಯಾಡಗಿಯ ಮೆಣಸು. ತಿಂಗಳಲ್ಲಿ ಇಪ್ಪತ್ತು ರಾತ್ರಿ ರಸ್ತೆಯ ಮೇಲಿರುವ ಮನುಷ್ಯ.

“ಅಕ್ಕೋರೆ, ಇವ ಪಾಸಾದ್ನಲ್ಲ, ಇಷ್ಟು ಸಾಕು ಬಿಡಿ. ಟೀಸಿ ಕೊಟ್ಬಿಡಿ. ನನ್ ಸಂಗ್ತಿಗೆ ಲಾರಿಗೆ ಬರ್ತ,” ಎಂದರು.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಟೀಚರ್, ಮಿಸ್ ಎಂಬ ಮಾತುಗಳು ಬಂದ ಮೇಲೂ ಹಳ್ಳಿಗಳಲ್ಲಿ ಅದೇ ಉಳಿದಿದೆ. ಆ ಒಂದು ಮಾತಿನಲ್ಲಿ ಸಲುಗೆಯೂ ಇದೆ, ಗೌರವವೂ ಇದೆ. ಹಾಗೆ ಕರೆದವರ ಎದುರು ನಿಯಮಾವಳಿ ಓದಿ ಹೇಳಲು ಬಾಯಿ ಬರುವುದಿಲ್ಲ.

“ಒಂದು ವರ್ಷ ತಡೀರಿ, ಹತ್ತನೆಯದು ಮುಗಿಯಲಿ,” ಎಂದೆ.

“ಒಂದ್ ವರ್ಷ ತಡೆದ್ರೆ ಎಂತ ಆಗ್ತದೆ? ಕಡೆಗೂ ಸ್ಟೇರಿಂಗೇ ಹಿಡೀಬೇಕಲ್ರ. ಕ್ಲೀನರ್ ಸಿಗೂದಿಲ್ಲ ಈಗ. ರಾತ್ರಿ ಒಬ್ಬನೇ ಘಟ್ಟ ಹತ್ತೂದು ಅಂದ್ರೆ ಕಣ್ಣು ಎಳೀತದೆ.” ನನ್ನ ಮೇಜಿನ ಪಕ್ಕ ಇದ್ದ ಬಟ್ಟೆಯ ಬ್ಯಾಗು ನೋಡಿ ಮೆಲ್ಲಗೆ ನಕ್ಕರು. “ನೀವೂ ರಾತ್ರಿ ಹೊರಟವ್ರೇ ಅಲ್ವ ಅಕ್ಕೋರೆ. ಕೆಲ್ಸ ಅಂದ್ಮೇಲೆ ಹೋಗ್ಲೇಬೇಕು.”

ನನಗೆ ಉತ್ತರ ಹೊಳೆಯಲಿಲ್ಲ. ಹುಡುಗ ಕಿಟಕಿಯ ಕಡೆ ನೋಡುತ್ತ ನಿಂತಿದ್ದ. ನನಗೆ ಆ ಹುಡುಗನ ಮೇಲೆ ಒಂದು ಋಣವಿತ್ತು. ಅದನ್ನು ಹೇಳದೆ ಮುಂದೆ ಹೋಗಲಾರೆ.

ಆ ವರ್ಷ ನವೆಂಬರಿನಲ್ಲಿ ಬ್ರಿಟಿಷ್ ಆಳ್ವಿಕೆಯ ಪರಿಣಾಮಗಳ ಪಾಠ ಮಾಡುತ್ತಿದ್ದೆ. ‘ಭಾರತದ ಹತ್ತಿಯನ್ನು ಬಂದರುಗಳಿಗೆ ಸಾಗಿಸಲಾಯಿತು, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಕಳುಹಿಸಲಾಯಿತು’ ಎಂದು ಹಲಗೆಯ ಮೇಲೆ ಬರೆದಿದ್ದೆ. ಇಪ್ಪತ್ತೇಳು ವರ್ಷಗಳಿಂದ ಅದೇ ವಾಕ್ಯ. ಹಿಂದಿನ ಬೆಂಚಿನಿಂದ ಈ ಹುಡುಗ ಎದ್ದು ಕೇಳಿದ: “ಸಾಗಿಸಲಾಯಿತು ಅಂದ್ರೆ ಯಾರು ಸಾಗಿಸಿದ್ದು ಅಕ್ಕೋರೆ?” ತರಗತಿ ನಕ್ಕಿತು. ನಾನೂ ನಕ್ಕು, “ಗಾಡಿಯವರು, ಮತ್ತೆ ಯಾರು, ಕೂತ್ಕೋ” ಎಂದೆ. ಅವನು ಕೂತ. ಆದರೆ ಪ್ರಶ್ನೆ ನನ್ನ ಮನಸ್ಸಿನಲ್ಲಿ ನಿಂತೇ ಇತ್ತು. ಏಕೆಂದರೆ ಆ ಹತ್ತಿ ನಮ್ಮ ಊರಿನ ಮೇಲೇ ಹೋಗಿತ್ತು. ಸಾಗಿಸಿದವರಲ್ಲಿ ಒಬ್ಬ ನಮ್ಮ ಮನೆಯವನೇ ಆಗಿದ್ದ. ಅಷ್ಟೂ ವರ್ಷ ಒಂದು ದಿನವೂ ಅದನ್ನು ಪಾಠದಲ್ಲಿ ಹೇಳಿದವಳಲ್ಲ.

ಬೀರುವಿನಿಂದ ಬಳಸದ ನೂರು ಪುಟದ ಒಂದು ಪಟ್ಟಿ ತೆಗೆದು ಹುಡುಗನ ಕೈಗೆ ಕೊಟ್ಟೆ. ಅಪ್ಪನಿಗೆ ಹೇಳಿದೆ: “ರಜೆಯಲ್ಲಿ ನಿಮ್ಮ ಸಂಗಡ ಬರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಭಾರ ಹೊರಿಸಬೇಡಿ. ಪ್ರತಿ ದಿನ ಎಲ್ಲಿಂದ ಎಲ್ಲಿಗೆ ಹೋದಿರಿ, ಏನು ಕಂಡಿರಿ ಅಂತ ಇದರಲ್ಲಿ ಬರೀಬೇಕು. ಟೀಸಿ ಪುಸ್ತಕ ಇವತ್ತು ಒಳಗೆ ಹೋಗಿದೆ, ಜೂನಿನಲ್ಲಿ ನೋಡುವ.” ಸುಳ್ಳು ಹೇಳಿದೆ, ಟೀಸಿ ಪುಸ್ತಕ ಮೇಜಿನ ಮೇಲೇ ಇತ್ತು. ಅಪ್ಪ ಅದನ್ನು ಕಂಡರೂ ಕಾಣದವರಂತೆ ತಲೆ ಆಡಿಸಿ ಹೊರಟರು.

ಮನೆಗೆ ಬಂದು ಅತ್ತೆಯವರ ಗುಳಿಗೆಗಳನ್ನು ಐದು ದಿನಕ್ಕೆ ಬೇರೆ ಬೇರೆ ಪೊಟ್ಟಣ ಕಟ್ಟಿ, ದೋಸೆ ಹಿಟ್ಟು ರುಬ್ಬಿಟ್ಟು, ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿಗೆ ಬಂದೆ. ಹನ್ನೊಂದೂವರೆಯ ಬಸ್ಸು ಹನ್ನೆರಡಾದ ಮೇಲೆ ಬಂತು. ಕಿಟಕಿಯ ಬದಿಗೆ ಸೀಟು ಸಿಕ್ಕಿತು. ಟಿಕೆಟಿನ ಚೂರನ್ನು ಪ್ರಯಾಣಭತ್ಯೆಯ ಬಿಲ್ಲಿಗಾಗಿ ಜೋಪಾನವಾಗಿ ಪರ್ಸಿನಲ್ಲಿಟ್ಟು, ಸೆರಗು ತಲೆಗೆ ಹೊದ್ದು ಕೂತೆ. ನಿದ್ದೆ ಬರಲಿಲ್ಲ. ಕತಗಾಲ ಬಂದಾಗ ಎದ್ದೇ ಇದ್ದೆ. ಅದು ನನ್ನ ಅಜ್ಜಿಯ ತವರಿನ ಕಡೆ.

ಅಜ್ಜಿಗೆ ಅವಳ ಅಜ್ಜನ ನೆನಪು ಚೆನ್ನಾಗಿತ್ತು. ಎರಡು ಗಾಡಿ, ನಾಲ್ಕು ಎತ್ತು ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಿದ್ದವನಂತೆ. “ಅಜ್ಜ ಮನೇಲಿ ಇದ್ದದ್ದು ಮಳೆಗಾಲದಲ್ಲಿ ಮಾತ್ರ. ಬೇಸಿಗೇಲಿ ಅವನನ್ನು ಕಂಡವರೇ ಇಲ್ಲ,” ಎನ್ನುತ್ತಿದ್ದಳು. ಹುಬ್ಬಳ್ಳಿಗೆ ಉಪ್ಪು, ಕಾಯಿ ಹೇರಿಕೊಂಡು ಹೋಗಿ, ಅಲ್ಲಿಂದ ಹತ್ತಿಯ ಅಂಡಿಗೆ ಹೇರಿಕೊಂಡು ಕುಮಟೆಗೆ ಬರುವುದು ಅವನ ಕಸುಬು. ಕಥೆ ಹೇಳುವಾಗ ಅಜ್ಜಿ ಅವನ ಹೆಸರು ಹೇಳಿದ್ದಳೋ ಇಲ್ಲವೋ, ನಾನು ಕೇಳಿ ಇಟ್ಟುಕೊಳ್ಳಲಿಲ್ಲ. ಇತಿಹಾಸದಲ್ಲಿ ಬಿ.ಎ. ಮಾಡಿದವಳು ನಾನು.

ಈ ದಾರಿಯಲ್ಲಿ ಸರಕು ಸಾಗಿದ್ದು ಗಾಡಿಗಳಿಗಿಂತ ಬಹಳ ಹಿಂದಿನ ಮಾತು. ಘಟ್ಟದ ಮೇಲಿನವರಿಗೆ ಉಪ್ಪು ಬೇಕು, ಕೆಳಗಿನವರಿಗೆ ದವಸ ಬೇಕು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು ಎತ್ತುಗಳ ಬೆನ್ನ ಮೇಲೆ ಮೇಲಕ್ಕೆ ಹೋಗುತ್ತಿತ್ತು. ಲಂಬಾಣಿಗರು ನೂರಾರು ಹೇರೆತ್ತುಗಳ ಹಿಂಡು ಹೊಡೆದುಕೊಂಡು ಹೆಂಡಿರು ಮಕ್ಕಳ ಸಮೇತ ಈ ಕಾಡು ದಾಟುತ್ತಿದ್ದರು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರ್, ಕನ್ನಡ ಸೀಮೆಗಳನ್ನು ಸುತ್ತಿದ. 1801ರಲ್ಲಿ ನಮ್ಮ ಕರಾವಳಿಗೆ ಬಂದು, ಗೋಕರ್ಣ, ಅಂಕೋಲೆಗಳನ್ನು ನೋಡಿ ಘಟ್ಟ ಹತ್ತಿ, ಸೋಂದೆ, ಶಿರಸಿ, ಬನವಾಸಿಗಳ ಕಡೆ ಹೋದ. ಅವನ ಪುಸ್ತಕ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು.

ಬುಕಾನನ್ನನದೂ ಕೆಲಸದ ಮೇಲಿನ ಪ್ರಯಾಣವೇ. ಅವನು ಬರೆದದ್ದು ದಿನಚರಿಯಂತೆ: ಇಂಥ ತಾರೀಖು, ಇಷ್ಟು ದೂರ ನಡೆದೆ, ಇಂಥ ಬೆಳೆ ಕಂಡೆ, ಇಂಥ ಮಣ್ಣು, ಇಂಥ ಕಂದಾಯ. ಒಂದು ದಿನದ ದುಡಿಮೆ ಮುಗಿಸಿ ಡೇರೆಯೊಳಗೆ ಕೂತು, ದೀಪದ ಬೆಳಕಿನಲ್ಲಿ ಬರೆದ ಮನುಷ್ಯ ನಮ್ಮ ಕಣ್ಣ ಮುಂದೆ ಬರುತ್ತಾನೆ. ಕಂಪನಿಯ ಲಾಭಕ್ಕಾಗಿ ಬರೆದದ್ದು ನಿಜ. ಆದರೂ ಬರೆದನಲ್ಲ, ಅದರಿಂದ ಅವನ ದಿನಗಳು ಉಳಿದವು. ಹುಡುಗನ ಕೈಗೆ ಪಟ್ಟಿ ಕೊಡುವಾಗ ನನ್ನ ಮನಸ್ಸಿನಲ್ಲಿದ್ದವನು ಇವನೇ.

ಇನ್ನು ಹತ್ತಿಯ ಕಥೆ. ಧಾರವಾಡ, ಹುಬ್ಬಳ್ಳಿ, ಗದಗಿನ ಎರೆಭೂಮಿಯಲ್ಲಿ ಹತ್ತಿ ಬಿಡಿಸುವುದು ಮಾಘ, ಫಾಲ್ಗುಣದ ಹೊತ್ತಿಗೆ. ಬಿಡಿಸಿದ ಹತ್ತಿಯಿಂದ ಬೀಜ ಬೇರ್ಪಡಿಸುವ ಕೆಲಸ ಹೆಂಗಸರದು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಅದರ ಮೇಲೆ ಕಬ್ಬಿಣದ ಸಲಾಕೆಯಿಟ್ಟು, ಅಂಗಾಲಿನಿಂದ ಅದನ್ನು ಉರುಳಿಸುತ್ತ ಬೀಜ ಹೊರಗೆ ತಳ್ಳುತ್ತಿದ್ದರು. ದಿನವೆಲ್ಲ ಅದೇ. ಅಂಗಾಲು ಏನಾಗಿರಬಹುದು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಹೀಗೆ ತಯಾರಾದ ಅರಳೆ ಸಡಿಲ ಅಂಡಿಗೆಗಳಾಗಿ ಗಾಡಿ ಹತ್ತುತ್ತಿತ್ತು. ಹುಬ್ಬಳ್ಳಿಯಿಂದ ಶಿರಸಿ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ. ಈಗಿನ ಲೆಕ್ಕದಲ್ಲಿ ನೂರಾ ಅರವತ್ತು ಕಿಲೋಮೀಟರಿನಷ್ಟು ದಾರಿ. ಕುಮಟೆಯಿಂದ ಪತ್ತೇಮಾರಿ, ಮಚವೆಗಳಲ್ಲಿ ಮುಂಬಯಿಗೆ, ಅಲ್ಲಿಂದ ಹಡಗಿನಲ್ಲಿ ಲಿವರ್‌ಪೂಲಿಗೆ.

ಇದರ ಒಂದು ಸ್ವಾರಸ್ಯ ಕೇಳಿ. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಇಲ್ಲಿಯ ಮಳೆಗೆ ಹತ್ತಿ ಗಿಡ ಬದುಕುವುದೂ ಕಷ್ಟ. ಆದರೂ ಧಾರವಾಡ ಸೀಮೆಯ ಜವಾರಿ ಹತ್ತಿಗೆ ಪೇಟೆಯಲ್ಲಿ ಬಿದ್ದ ಹೆಸರು ‘ಕುಮಟಾ ಹತ್ತಿ’. ಬೆಳೆದ ಹೊಲದ ಹೆಸರು ಹೋಗಿ, ಹಡಗು ಹತ್ತಿದ ಊರಿನ ಹೆಸರು ನಿಂತಿತು. ಸರಕಿಗೆ ತನ್ನ ಹೆಸರು ಕೊಟ್ಟ ಆ ಬಂದರೋ, ಬರೀ ತೆರೆದ ಸಮುದ್ರ. ಹಡಗು ದೂರದಲ್ಲಿ ಲಂಗರು ಹಾಕಬೇಕು, ಸಣ್ಣ ದೋಣಿಗಳಲ್ಲಿ ಸರಕು ಒಯ್ದು ತುಂಬಬೇಕು. ಜೂನಿನಲ್ಲಿ ಮಳೆಗಾಲ ಹಿಡಿಯಿತೆಂದರೆ ನಾಲ್ಕು ತಿಂಗಳು ಸಮುದ್ರದ ಬಾಗಿಲು ಬಂದ್. ಹತ್ತಿ ತಯಾರಾಗುವುದು ಬೇಸಿಗೆಯಲ್ಲಿ, ಕಡಲು ಮುಚ್ಚುವುದು ಬೇಸಿಗೆಯ ಕೊನೆಗೆ. ಆದ್ದರಿಂದ ಇಡೀ ವರ್ಷದ ಬೆಳೆ ಎರಡು ಮೂರು ತಿಂಗಳಲ್ಲಿ ಘಟ್ಟ ಇಳಿಯಬೇಕಿತ್ತು. ಮಾರ್ಚಿನಿಂದ ಮೇ ತನಕ ಗಾಡಿಯವರಿಗೆ ಉಸಿರಾಡಲು ಪುರಸತ್ತಿಲ್ಲ. ನಮ್ಮ ಪರೀಕ್ಷೆ, ಮೌಲ್ಯಮಾಪನಗಳ ಗಡಿಬಿಡಿಯೂ ಅದೇ ತಿಂಗಳಲ್ಲಿ ಬರುತ್ತದೆಂದು ಬಸ್ಸಿನಲ್ಲಿ ಕೂತಾಗ ಹೊಳೆದು ನಗು ಬಂತು.

ಅವರ ದಿನ ಹೇಗಿತ್ತು? ಅಜ್ಜಿ ಹೇಳಿದ್ದನ್ನೇ ಹೇಳುತ್ತೇನೆ. ಹಗಲಿನ ಬಿಸಿಲಿಗೆ ಎತ್ತುಗಳು ಬಳಲುತ್ತವೆಂದು ಹಗಲು ನೆರಳಲ್ಲಿ ಬಿಡಾರ. ಆದರೆ ಗಾಡಿಯವನಿಗೆ ಅದು ವಿಶ್ರಾಂತಿಯಲ್ಲ. ಎತ್ತಿಗೆ ನೀರು, ಹುಲ್ಲು, ಹುರುಳಿ; ಲಾಳ ಸಡಿಲಾಗಿದ್ದರೆ ಬಿಗಿಸುವುದು; ಗುಂಬಕ್ಕೆ ಎಣ್ಣೆ; ಮೂರು ಕಲ್ಲು ಹೂಡಿ ತನ್ನ ಗಂಜಿ ತಾನೇ ಬೇಯಿಸುವುದು. ಹೊತ್ತು ಮುಳುಗಿದ ಮೇಲೆ ಗಾಡಿ ಹೂಡುವುದು. ಅಚ್ಚಿಗೆ ಕಂದೀಲು ಕಟ್ಟಿ, ಒಂದರ ಹಿಂದೆ ಒಂದು ಗಾಡಿ ಸಾಲುಗಟ್ಟಿ ಹೊರಡುತ್ತಿದ್ದವು. ಒಂಟಿಯಾಗಿ ಯಾರೂ ಹೋಗುತ್ತಿರಲಿಲ್ಲ, ಹುಲಿಯ ಹೆದರಿಕೆ, ಕಳ್ಳರ ಹೆದರಿಕೆ. ಘಟ್ಟ ಹತ್ತುವಾಗ ಒಬ್ಬರ ಎತ್ತು ಇನ್ನೊಬ್ಬರ ಗಾಡಿಗೆ ಕಟ್ಟಿ ಜೋಡಿ ಜೋಡಿಯಾಗಿ ಏರಿಸುವುದು. ಇಳಿಯುವಾಗ ಹಿಂದೆ ಮರದ ತುಂಡು ಕಟ್ಟಿ ಎಳೆಸುತ್ತ ಗಾಡಿ ಓಡದಂತೆ ತಡೆಯುವುದು. ಸಮತಟ್ಟು ದಾರಿ ಸಿಕ್ಕಿದಾಗ ಗಾಡಿಯವನು ಅಂಡಿಗೆಗೆ ಒರಗಿ ನಿದ್ದೆ ಹೋದರೂ ಎತ್ತು ತಾನಾಗಿ ನಡೆಯುತ್ತಿತ್ತು. “ಎತ್ತಿಗೆ ದಾರಿ ಗೊತ್ತು, ಅಜ್ಜನಿಗೆ ನಿದ್ದೆ ಗೊತ್ತು” ಎಂದು ಅಜ್ಜಿ ನಗುತ್ತಿದ್ದಳು. ಲಾರಿಯ ಅಪ್ಪನಿಗೆ ಈ ಒಂದು ಸುಖ ಇಲ್ಲ. ಲಾರಿಗೆ ದಾರಿ ಗೊತ್ತಿರುವುದಿಲ್ಲ. ಅದಕ್ಕೇ ಅವರಿಗೆ ಪಕ್ಕದಲ್ಲಿ ಮಾತಾಡಲು ಮಗ ಬೇಕು.

ಈ ಬಡ ದಾರಿಯ ಕಡೆಗೆ ಇಂಗ್ಲೆಂಡಿನ ದೊಡ್ಡವರ ಕಣ್ಣು ಬಿದ್ದದ್ದು ಹೇಗೆಂಬುದೂ ಹೇಳಬೇಕಾದ್ದೇ. ಲ್ಯಾಂಕಾಶೈರಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದಿಂದ ಬರುತ್ತಿತ್ತು. ಅಲ್ಲಿ ಅದನ್ನು ಬೆಳೆಯುತ್ತಿದ್ದವರು ಗುಲಾಮರು. ಒಂದೇ ದೇಶವನ್ನು ನಂಬಿಕೊಂಡರೆ ಕಷ್ಟವೆಂದು 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಅವರ ಪ್ರಯೋಗ ಬೇರೆ ಕಡೆ ಸೋತಿತು. ಧಾರವಾಡದ ಎರೆಯಲ್ಲಿ ಮಾತ್ರ ಅಮೆರಿಕದ ಬೀಜ ಹಿಡಿಯಿತು. ನಮ್ಮ ರೈತರು ಅದಕ್ಕೆ ವಿಲಾಯತಿ ಹತ್ತಿ ಎಂದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಬಂದರುಗಳಿಗೆ ತಡೆ ಬಿದ್ದಾಗ, ಇಂಗ್ಲೆಂಡಿನ ಗಿರಣಿಗಳು ನಿಂತವು. ಎಲ್ಲರ ದೃಷ್ಟಿ ಇತ್ತ ತಿರುಗಿತು. ಹತ್ತಿಯ ಬೆಲೆ ಕಂಡರಿಯದಷ್ಟು ಏರಿತು.

ನಮ್ಮ ಜಿಲ್ಲೆಯ ಹಣೆಬರಹ ಬದಲಾದದ್ದೂ ಆ ಗದ್ದಲದಲ್ಲೇ. ಅಲ್ಲಿಯ ತನಕ ನಾವು ಮದ್ರಾಸ್ ಪ್ರಾಂತಕ್ಕೆ ಸೇರಿದವರು. ಘಟ್ಟದ ಮೇಲಿನ ಧಾರವಾಡ ಮುಂಬಯಿ ಪ್ರಾಂತದ್ದು. ಹತ್ತಿಯ ಹೊಲ ಒಂದು ಸರಕಾರದ್ದು, ಅದು ಹಡಗು ಹತ್ತುವ ದಂಡೆ ಇನ್ನೊಂದು ಸರಕಾರದ್ದು ಎಂದಾದರೆ ರಸ್ತೆ ಮಾಡುವವರು ಯಾರು? ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಾರವಾರದ ಬಂದರನ್ನು ಬೆಳೆಸಬೇಕೆಂದು ಹಟ ಹಿಡಿದರು, ಅದಕ್ಕಾಗಿ ಒಂದು ಕಂಪನಿಯನ್ನೇ ಕಟ್ಟಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ನೂರಕ್ಕೂ ಹೆಚ್ಚು ವರ್ಷ ನಮ್ಮ ನೆಂಟರಿಷ್ಟರು, ನೌಕರಿ, ಶಾಲೆಯ ಕಲಿಕೆ ಮುಂಬಯಿ, ಧಾರವಾಡಗಳ ಕಡೆ ಮುಖ ಮಾಡಿದ್ದರೆ ಅದಕ್ಕೆ ಮೂಲ ಆ ಅಂಡಿಗೆಗಳು. ನಾನು ಈ ರಾತ್ರಿ ಮಂಗಳೂರಿಗೆ ಹೋಗದೆ ಧಾರವಾಡಕ್ಕೆ ಹೊರಟದ್ದರ ಹಿಂದೆ ಕೂಡ ಒಂದೆಳೆ ಹತ್ತಿ ಇದೆ ಎನ್ನಬಹುದು.

ಹತ್ತಿಗೆ ಬೆಲೆ ಬಂದಂತೆ ದೂರೂ ಬಂತು. ಲಿವರ್‌ಪೂಲಿನ ವರ್ತಕರು ಭಾರತದ ಹತ್ತಿಯಲ್ಲಿ ಮಣ್ಣು, ಬೀಜ, ಕಸ ಎಂದು ಕೂಗಿದರು. ಕಲಬೆರಕೆಯ ತಡೆಗೆ 1863ರಲ್ಲಿ ಮುಂಬಯಿ ಸರಕಾರ ಒಂದು ಕಾಯಿದೆಯನ್ನೇ ಮಾಡಿತು. ಕಲಬೆರಕೆ ಇದ್ದದ್ದು ಸುಳ್ಳಲ್ಲ. ಲಾಭದ ಆಸೆ ಎಲ್ಲ ಕಾಲದಲ್ಲೂ ಇದೆ. ಆದರೆ ಸಡಿಲ ಅಂಡಿಗೆಯಲ್ಲಿ, ತೆರೆದ ಗಾಡಿಯಲ್ಲಿ, ಮೊಣಕಾಲು ಮುಳುಗುವ ಧೂಳಿನ ದಾರಿಯಲ್ಲಿ, ಇಬ್ಬನಿಯಲ್ಲಿ ನೆನೆದು ಬಿಸಿಲಲ್ಲಿ ಒಣಗಿ ಬಂದ ಹತ್ತಿ ಮಲ್ಲಿಗೆಯ ಹಾಗೆ ಇರಲು ಸಾಧ್ಯವೆ? ರಸ್ತೆ ಕೊಡದವರು ಧೂಳಿನ ಲೆಕ್ಕ ಕೇಳಿದರು.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಬೆಲೆ ಇಳಿಯಿತು. ಹತ್ತಿಯ ಹಣದಿಂದ ಉಬ್ಬಿದ್ದ ಮುಂಬಯಿಯ ಷೇರುಪೇಟೆ ಕುಸಿದು ದೊಡ್ಡ ದೊಡ್ಡ ಸಾಹುಕಾರರು ನೆಲಕಚ್ಚಿದರು. ಮ್ಯಾಂಚೆಸ್ಟರಿನವರ ಕಂಪನಿಯೂ ಹೆಚ್ಚು ಕಾಲ ಬಾಳಲಿಲ್ಲ. ಗಾಡಿಯವರು ಮಾತ್ರ ಹಾಗೇ ನಡೆಯುತ್ತಿದ್ದರು. ಸರಕು ಇಷ್ಟಾಗಲಿ ಅಷ್ಟಾಗಲಿ ಎತ್ತಿಗೆ ಹುಲ್ಲು ಹಾಕಲೇಬೇಕಲ್ಲ.

ಅವರನ್ನು ನಿಜಕ್ಕೂ ಮುರಿದದ್ದು ಬರ. 1876ರಿಂದ 78ರ ತನಕ ಬಿಜಾಪುರ, ಬಳ್ಳಾರಿ, ಧಾರವಾಡ ಸೀಮೆಗಳನ್ನು ಸುಟ್ಟ ಆ ಬರದಲ್ಲಿ ದಕ್ಷಿಣ ಭಾರತದಲ್ಲೆಲ್ಲ ಸತ್ತವರು ಲಕ್ಷಗಟ್ಟಲೆ. ಸಮುದ್ರದ ಮೇಲೆ ಕಾರವಾರ, ಕುಮಟೆಗಳಿಗೆ ಧಾನ್ಯ ಬಂತು. ಹತ್ತಿ ಇಳಿದ ದಾರಿಯಲ್ಲಿ ಅನ್ನ ಹತ್ತಬೇಕಾಯಿತು. ಎಳೆಯುವುದಕ್ಕೆ ಎತ್ತು ಬೇಕು. ಮೇವು, ನೀರಿಲ್ಲದೆ ಎತ್ತುಗಳೇ ಮೊದಲು ಸತ್ತಿದ್ದವು. ದಂಡೆಯಲ್ಲಿ ಅಕ್ಕಿ ಇದೆ, ಮೇಲೆ ಹಸಿವಿದೆ, ನಡುವೆ ಘಟ್ಟ ಇದೆ. ಅಜ್ಜಿಯ ಅಜ್ಜನ ನಾಲ್ಕು ಎತ್ತುಗಳಲ್ಲಿ ಎರಡು ಆ ವರ್ಷ ಮುಂಡಗೋಡಿನ ಆಚೆ ದಾರಿಯಲ್ಲೇ ಬಿದ್ದವಂತೆ. ಅಜ್ಜ ನೊಗದ ಒಂದು ಬದಿ ತಾನೇ ಹಿಡಿದು ಗಾಡಿಯನ್ನು ನೆರಳಿಗೆ ಎಳೆದಿಟ್ಟು, ಉಳಿದ ಜೋಡಿಯನ್ನು ನಡೆಸಿಕೊಂಡು ಮನೆಗೆ ಬಂದ. ಅಜ್ಜಿ ಇದನ್ನು ಹೇಳುವಾಗ ನಗುತ್ತಿರಲಿಲ್ಲ.

ಬರ ಸರಕಾರಕ್ಕೂ ಪಾಠ ಕಲಿಸಿತು. ಒಣಸೀಮೆಗೆ ರೈಲು ಬೇಕೆಂಬ ಮಾತು ಗಟ್ಟಿಯಾಯಿತು. 1878ರಲ್ಲಿ ಪೋರ್ಚುಗೀಸರೊಂದಿಗೆ ಒಪ್ಪಂದವಾಗಿ ಗೋವೆಯ ಮುರಗಾಂವ ಬಂದರಿಗೆ ಹಳಿ ಹಾಕಲು ದಾರಿಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1890ರ ಹೊತ್ತಿಗೆ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಹತ್ತಿ ರೈಲಿನಲ್ಲೇ ಸಮುದ್ರ ಸೇರುತ್ತಿತ್ತು. ನಾಲ್ಕಾರು ದಿನಗಳ ಗಾಡಿ ಪ್ರಯಾಣ ಒಂದು ದಿನದ್ದಾಯಿತು. ಕಾರವಾರದವರ ಕನಸೂ ಹೋಯಿತು, ಕುಮಟೆಯ ವೈಭವವೂ ಹೋಯಿತು. ‘ಕುಮಟಾ ಹತ್ತಿ’ ಎಂಬ ಹೆಸರು ಮಾತ್ರ ಕೃಷಿ ಪುಸ್ತಕಗಳಲ್ಲಿ ಬಹುಕಾಲ ಉಳಿಯಿತು. ನಮ್ಮೂರಿಗೆ ರೈಲು ಬಂದದ್ದು ನೂರಕ್ಕೂ ಹೆಚ್ಚು ವರ್ಷ ತಡವಾಗಿ. ಕೊಂಕಣ ರೈಲು ಪೂರ್ತಿ ದಾರಿ ಓಡಿದ್ದು 1998ರಲ್ಲಿ. ಅದೂ ಕಡಲ ಬದಿಯಲ್ಲೇ ಹೋಗುತ್ತದೆ, ಘಟ್ಟ ಹತ್ತುವುದಿಲ್ಲ. ಹಾಗಾಗಿ ತೆಂಗಿನಕಾಯಿಗೂ ಅಕ್ಕೋರಿಗೂ ಅದೇ ದೇವಿಮನೆ.

ಮುಂಬಯಿ ಸರಕಾರ 1883ರಲ್ಲಿ ಪ್ರಕಟಿಸಿದ ಕನ್ನಡ ಜಿಲ್ಲೆಯ ಗೆಜೆಟಿಯರನ್ನು ನಾನು ಒಂದು ಬೇಸಿಗೆ ಕೂತು ಓದಿದ್ದೇನೆ. ಒಂದೊಂದು ಘಟ್ಟದ ವರ್ಣನೆ, ಬಂದರುಗಳ ಸರಕಿನ ಲೆಕ್ಕ, ಅಧಿಕಾರಿಗಳ ಹೆಸರು ಎಲ್ಲ ಇವೆ. ಅದರ ಋಣ ದೊಡ್ಡದು. ಅದಿಲ್ಲದಿದ್ದರೆ ನಾನು ಇಷ್ಟನ್ನೂ ಬರೆಯಲಾಗುತ್ತಿರಲಿಲ್ಲ. ಆದರೆ ಆ ನೂರಾರು ಪುಟಗಳಲ್ಲಿ ಒಬ್ಬ ಗಾಡಿಯವನ ಹೆಸರು ನನಗೆ ಸಿಗಲಿಲ್ಲ. ‘ಸಾಗಿಸಲಾಯಿತು’ ಎಂಬ ಕ್ರಿಯಾಪದದೊಳಗೆ ಅವರೆಲ್ಲ ಮುಳುಗಿ ಹೋಗಿದ್ದಾರೆ. ಗೆಜೆಟಿಯರು ಬರೆದವರನ್ನು ಏನು ಅನ್ನಲಿ, ಸ್ವಂತ ಅಜ್ಜಿಯ ಬಾಯಿಂದ ಕೇಳಿದ ನಾನೇ ಹೆಸರು ಮರೆತವಳು.

ಬಸ್ಸು ದೇವಿಮನೆಯಲ್ಲಿ ನಿಂತಿತು. ಡ್ರೈವರು ಇಳಿದು ದೇವಿಯ ಗುಡಿಯ ಕಡೆ ಮುಖ ಮಾಡಿ ಕೈಮುಗಿದ, ಟೈರುಗಳನ್ನು ಒಂದು ಸುತ್ತು ನೋಡಿ ಬಂದ. ಎದುರಿನಿಂದ ಲಾರಿಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಪ್ರತಿ ಲಾರಿಯ ಮುಂದಿನ ಗಾಜಿನೊಳಗೆ ಎರಡು ತಲೆ ಇದೆಯೋ ಒಂದೋ ಎಂದು ನಾನು ಎಣಿಸುತ್ತ ಕೂತೆ. ಶಿರಸಿಯಲ್ಲಿ ಚಹ. ಮುಂಡಗೋಡು ದಾಟಿದ್ದು ಗೊತ್ತಾಗಲಿಲ್ಲ, ಕಣ್ಣು ಹತ್ತಿತ್ತು. ತಡಸದ ಹತ್ತಿರ ಎಚ್ಚರಾದಾಗ ಬಯಲಿನ ಮೇಲೆ ಬೆಳಕು ಮೂಡುತ್ತಿತ್ತು. ಹುಬ್ಬಳ್ಳಿಯಲ್ಲಿ ಇಳಿದು ನಾದಿನಿಯ ಮನೆಯಲ್ಲಿ ಮಿಂದು, ಹತ್ತಕ್ಕೆ ಮುಂಚೆ ಧಾರವಾಡದಲ್ಲಿ ಹಾಜರಿ ಹಾಕಿದೆ. ಐದು ದಿನ ಉತ್ತರಪತ್ರಿಕೆ ತಿದ್ದಿದೆ. ‘ರಫ್ತು ಮಾಡಲಾಯಿತು’, ‘ಜಾರಿಗೆ ತರಲಾಯಿತು’, ‘ಶೋಷಿಸಲಾಯಿತು’. ಯಾವ ಊರಿನ ಮಕ್ಕಳೋ, ಬರೆದದ್ದು ನನ್ನ ಭಾಷೆಯನ್ನೇ. ಪೂರ್ತಿ ಅಂಕ ಕೊಟ್ಟೆ. ತಪ್ಪು ಅವರದಾಗಿರಲಿಲ್ಲ.

ಮೇ ಕೊನೆಗೆ ಶಾಲೆ ತೆರೆಯಿತು. ಹುಡುಗ ಬರಲಿಲ್ಲ. ಜೂನಿನ ಮೊದಲ ವಾರವೂ ಇಲ್ಲ. ಟೀಸಿ ಕೇಳಲು ಅಪ್ಪನೂ ಬರಲಿಲ್ಲ. ಎರಡು ಸಲ ಮನೆಗೆ ಹೇಳಿ ಕಳಿಸಿದೆ. ಹನ್ನೆರಡನೆಯ ದಿನ, ಮಳೆ ಜೋರಾಗಿ ಹಿಡಿದ ಬೆಳಿಗ್ಗೆ, ತೊಯ್ದ ಚೀಲದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಹೆಗಲು ಅಗಲವಾಗಿತ್ತು, ಮುಖ ಕಪ್ಪಾಗಿತ್ತು.

ಹತ್ತೊಂಬತ್ತು ಪುಟ ಬರೆದಿದ್ದ. ಕಾಗುಣಿತದ ತಪ್ಪು ಸಾಲಿಗೆ ನಾಲ್ಕು. ಹೊರಟ ಹೊತ್ತು, ಮುಟ್ಟಿದ ಹೊತ್ತು, ಹೇರಿದ ಕಾಯಿಯ ಲೆಕ್ಕ, ಡೀಸೆಲ್ಲಿನ ದರ, ಬಂಡಲದಲ್ಲಿ ಕುಡಿದ ಚಹದ ದರ. ‘ರಾತ್ರಿ 1-20ಕ್ಕೆ ದೇವಿಮನೆ. ಅಪ್ಪ ಟೈರು ಮುಟ್ಟಿ ನೋಡಿದರು. ಬಿಸಿ. ಅರ್ಧ ತಾಸು ನಿಂತೆವು. ಅಪ್ಪ ಮಲಗಿದರು, ನಾನು ಎದ್ದಿದ್ದೆ.’ ಇನ್ನೊಂದು ಪುಟದಲ್ಲಿ ಹುಬ್ಬಳ್ಳಿಯಲ್ಲಿ ಲೋಡು ಇಳಿಸಿದ ಹಮಾಲರ ವಿಷಯ ಇತ್ತು. ನಾಲ್ವರು. ನಾಲ್ವರ ಹೆಸರನ್ನೂ, ಊರನ್ನೂ ಬರೆದಿದ್ದ.

“ಹೆಸರು ಏಕೆ ಬರೆದೆ?” ಎಂದು ಕೇಳಿದೆ.

“ನೀವೇ ಬರೀಬೇಕು ಅಂದಿದ್ರಲ್ಲ ಅಕ್ಕೋರೆ, ಏನು ಕಂಡಿರಿ ಅಂತ,” ಎಂದ.

ಟೀಸಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನ ಅಪ್ಪ ಯಾರೋ ದೂರದ ನೆಂಟರ ಹುಡುಗನನ್ನು ಕ್ಲೀನರ್ ಆಗಿ ಇಟ್ಟುಕೊಂಡಿದ್ದಾರೆಂದು ಆಮೇಲೆ ತಿಳಿಯಿತು. ಆ ಹುಡುಗ ಯಾವ ಶಾಲೆ ಬಿಟ್ಟು ಬಂದವನೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಒಬ್ಬನನ್ನು ಉಳಿಸಿಕೊಂಡೆ ಎಂದು ಬೀಗುವ ಹಾಗಿಲ್ಲ.

ಆ ವರ್ಷ ನವೆಂಬರಿನಲ್ಲಿ ಅದೇ ಪಾಠ ಬಂದಾಗ ಹಲಗೆಯ ಮೇಲೆ ವಾಕ್ಯ ಬದಲಿಸಿ ಬರೆದೆ: ‘ಧಾರವಾಡದ ಹೆಂಗಸರು ಹತ್ತಿಯ ಬೀಜ ತೆಗೆದರು. ಗಾಡಿಯವರು ಅದನ್ನು ದೇವಿಮನೆ ಘಟ್ಟ ಇಳಿಸಿ ಕುಮಟೆಗೆ ತಂದರು. ಅಂಬಿಗರು ಅದನ್ನು ಹಡಗಿಗೆ ಮುಟ್ಟಿಸಿದರು.’ ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗುತ್ತದೆಯೇ ಎಂದು ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಸಿಗುತ್ತದೆ ಎಂದೆ. ತಿದ್ದುವವರಲ್ಲಿ ನಾನೂ ಒಬ್ಬಳಲ್ಲವೆ?